ಮುಂಗೋಪಿಯ ಹೂವು

ದ್ರಾಕ್ಷಿಗೆ ಮುಂಗೋಪಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಯಾರಿಗೂ ಗೊತ್ತಿಲ್ಲ. ನಮ್ಮತ್ತೆಯ ಮುತ್ತಜ್ಜಿಯನ್ನು ನೋಡಿ ಇಟ್ಟಿರಬೇಕು ಎಂದು ಮದುವೆಯಾದ ಹೊಸದರಲ್ಲಿ ನಾನು ಗಂಡನ ಹತ್ತಿರ ಹೇಳಿದ್ದೆ. ಅವರು ಜೋರಾಗಿ ನಕ್ಕರು, ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡಿ ನಗು ನುಂಗಿಕೊಂಡರು. ಆ ಮನೆಯಲ್ಲಿ ಗೋಡೆಗಳೂ ಅತ್ತೆಯ ಕಡೆಯವೇ.

ಹಣ್ಣಿನ ಸ್ವಭಾವ ಮೊದಲು ಹೇಳಿಬಿಡುತ್ತೇನೆ, ಅದನ್ನು ಬಿಟ್ಟರೆ ಅತ್ತೆಯ ಕಥೆಯೇ ಇಲ್ಲ. ಊರಿನ ಬೇರೆ ಬಳ್ಳಿಗಳೆಲ್ಲ ಚಿಗುರಿ ನಿಂತಾಗ ಮುಂಗೋಪಿ ಕಣ್ಣೇ ಬಿಟ್ಟಿರುವುದಿಲ್ಲ. ಅವು ಹೂ ಮುಗಿಸಿ ಕಾಯಿ ಕಟ್ಟಿದ ಮೇಲೆ ಇದು ಹೂ ಬಿಡಲು ಶುರುಮಾಡುತ್ತದೆ. ಎಲ್ಲರ ಕೊಯ್ಲು ಮುಗಿದು, ಬುಟ್ಟಿಗಳನ್ನು ತೊಳೆದು ಬೋರಲು ಹಾಕಿದ ಮೇಲೂ ಇದು ಹುಳಿಹುಳಿಯಾಗಿ ಬಳ್ಳಿಯ ಮೇಲೆ ಕೂತಿರುತ್ತದೆ. ಸಿಪ್ಪೆ ದಪ್ಪ. ಬೇರೆ ಕಪ್ಪು ದ್ರಾಕ್ಷಿಯ ಸಿಪ್ಪೆ ಸುಲಿದರೆ ಒಳಗೆ ಬಣ್ಣವಿಲ್ಲದ ತಿರುಳು. ಇದರ ತಿರುಳೇ ಕೆಂಪು. ಕೊಯ್ಲಿನ ದಿನಗಳಲ್ಲಿ ಮೊಣಕೈವರೆಗೆ ಅಂಟಿದ ಕೆಂಪು ವಾರಗಟ್ಟಲೆ ಹೋಗುವುದಿಲ್ಲ. ಇದರ ಹೊಸ ವೈನ್ ಬಾಯಿಗೆ ಹಾಕಿದರೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಒಳ್ಳೆಯವರೂ ಮುಖ ಕಿವುಚುತ್ತಾರೆ. ಪೀಪಾಯಿಯಲ್ಲಿ ಹಾಕಿ ವರ್ಷಗಟ್ಟಲೆ ಅದರ ತಂಟೆಗೆ ಹೋಗದೆ ಬಿಟ್ಟರೆ ಮಾತ್ರ ಸಿಟ್ಟು ಇಳಿದು, ಕುಡಿಯುವವನನ್ನು ಸುಮ್ಮನೆ ಕೂರಿಸುವಂಥ ರುಚಿ ಬರುತ್ತದೆ. ನನ್ನ ಗಂಡ ವೈನರಿಯ ನೆಲಮಾಳಿಗೆಯಲ್ಲಿ ಪೀಪಾಯಿ ನೋಡಿಕೊಳ್ಳುವವರು, ಇದನ್ನೆಲ್ಲ ಅವರೇ ಹೇಳಿಕೊಟ್ಟಿದ್ದು. ಅಮ್ಮನನ್ನೂ ಪೀಪಾಯಿಗೆ ಹಾಕಿ ನೋಡಬೇಕಿತ್ತು ಎಂದು ಒಮ್ಮೆ ಅವರ ಬಾಯಿಂದಲೇ ಬಂದಿತ್ತು.

ಎಲ್ಲಿಂದ ಬಂತು ಈ ತಳಿ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಯಾವನೋ ಸಿಪಾಯಿ ದೂರದ ಯುದ್ಧದಿಂದ ಬೂಟಿನೊಳಗೆ ಕಡ್ಡಿ ಇಟ್ಟುಕೊಂಡು ತಂದ ಎನ್ನುತ್ತಾರೆ. "ಬೂಟಿನಲ್ಲಿ ಕಡ್ಡಿ ಚಿಗುರಿತು ಅಂದ್ರೆ ಆ ಮಹಾನುಭಾವ ಕಾಲು ತೊಳೆದು ಎಷ್ಟು ಕಾಲ ಆಗಿತ್ತೋ" ಎಂದು ಗಾಣದ ಮಾವ ಹೇಳುತ್ತಿದ್ದರು. ಗಾಣದ ಮಾವ ಎಂದರೆ ಅತ್ತೆಯ ಒಡಹುಟ್ಟಿದ ತಮ್ಮ, ನನ್ನ ಗಂಡನಿಗೆ ಸೋದರಮಾವ. ವೈನರಿಯಲ್ಲಿ ದ್ರಾಕ್ಷಿ ಹಿಂಡುವ ಯಂತ್ರವನ್ನು ಊರಿನವರು ಗಾಣ ಎನ್ನುತ್ತಾರೆ. ಅದರ ಮೇಲ್ವಿಚಾರಣೆ ಅವರದು, ಹಾಗಾಗಿ ಆ ಹೆಸರು. ಅವರ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ.

ಆಮೇಲೊಂದು ಕಾಲದಲ್ಲಿ ಬಳ್ಳಿಯ ಬೇರು ತಿನ್ನುವ ಹೇನು ಬಂದು ಸುತ್ತಲಿನ ತೋಟಗಳೆಲ್ಲ ನೆಲ ಕಚ್ಚಿದವಂತೆ. ಕಾಡು ದ್ರಾಕ್ಷಿಯ ಬೇರಿಗೆ ಊರ ತಳಿಗಳನ್ನು ಕಸಿ ಕಟ್ಟಿ ಜನ ಮತ್ತೆ ತೋಟ ಎಬ್ಬಿಸಿದರು. ಎಲ್ಲ ತಳಿಯೂ ಕಸಿಗೆ ಒಗ್ಗಿತು, ಮುಂಗೋಪಿ ಮಾತ್ರ ಹತ್ತು ಕಟ್ಟಿದರೆ ಮೂರು ಹಿಡಿಯಿತು. ಹಿಡಿದ ಬಳ್ಳಿಗಳೋ, ಗಟ್ಟಿ ಪಿಂಡ. ಆಮೇಲೆ ದೂರದ ಊರುಗಳ ವ್ಯಾಪಾರಿಗಳು ಟ್ಯಾಂಕರು ತಂದು ಮುಂಗೋಪಿಯ ರಸ ಒಯ್ಯಲು ಶುರುಮಾಡಿದರು. ಅವರ ವೈನ್ ತೆಳ್ಳಗೆ, ಬಣ್ಣವಿಲ್ಲದ್ದು. ನಮ್ಮದನ್ನು ಸ್ವಲ್ಪ ಬೆರೆಸಿದರೆ ಕಡುಕೆಂಪಾಗಿ, ಬೇರೆ ಯಾವುದೋ ದೊಡ್ಡ ಹೆಸರಿನ ಬಾಟಲಿಯಲ್ಲಿ ಕೂರುತ್ತಿತ್ತು. ಇಷ್ಟು ತಲೆಮಾರಿನಲ್ಲಿ ಮುಂಗೋಪಿ ಎಂದು ಬರೆದ ಒಂದು ಬಾಟಲಿ ಯಾರೂ ಕಂಡವರಿಲ್ಲ. ಇದು ಅತ್ತೆಗೆ ಹೊಟ್ಟೆಯೊಳಗಿನ ಉರಿ. "ಬೇರೆಯವರ ಮುಖಕ್ಕೆ ಬಣ್ಣ ಬಳಿಯೋಕೆ ಹುಟ್ಟಿದ್ದು ನಮ್ಮ ಹಣ್ಣು" ಎಂದು ಪಾತ್ರೆ ಕುಕ್ಕುತ್ತಿದ್ದರು. ಕೊನೆಕೊನೆಗೆ ಬಣ್ಣಕ್ಕೂ ಯಾರೂ ಕೇಳದಂತಾಗಿ, ಊರಿನವರೆಲ್ಲ ಅದನ್ನು ಕಿತ್ತು ಬೇಗ ಹಣ್ಣಾಗುವ ಹೊಸ ತಳಿ ನೆಟ್ಟರು. ಉಳಿದದ್ದು ಅತ್ತೆಯ ಅಪ್ಪನ ಇಳಿಜಾರು ಒಂದರಲ್ಲೇ.

ಆ ಅಪ್ಪ ಸಾಯುವ ಮುಂಚೆ ಇಳಿಜಾರನ್ನು ಎರಡು ಮಾಡಿ ಮೇಲಿನದನ್ನು ಮಗಳಿಗೆ, ಕೆಳಗಿನದನ್ನು ಮಗನಿಗೆ ಕೊಟ್ಟರು. ನಡುವೆ ಒಬ್ಬರು ನಡೆಯುವಷ್ಟು ಕಾಲುದಾರಿ. ಎರಡು ಕಡೆಯೂ ಒಂದೇ ಕ್ರಮದಲ್ಲಿ ನೆಟ್ಟ ಬಳ್ಳಿಗಳು: ಒಂದಷ್ಟು ಮುಂಗೋಪಿ, ಆಮೇಲೆ ಒಂದು ಬಿಳಚ, ಮತ್ತೆ ಒಂದಷ್ಟು ಮುಂಗೋಪಿ. ಬಿಳಚ ಎನ್ನುವುದು ಇನ್ನೊಂದು ಬಳ್ಳಿ, ಹೆಸರಿಗೆ ತಕ್ಕ ಹಾಗೆ ಪೇಲವ. ಹಣ್ಣು ಸಣ್ಣದು, ನೀರು ನೀರು, ಹಕ್ಕಿಯೂ ಮೂಸುವುದಿಲ್ಲ. ಕೊಯ್ಯುವಾಗ ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದು ವಾಡಿಕೆ. ಇದ್ಯಾಕಪ್ಪಾ ಈ ದಂಡಪಿಂಡ ಎಂದು ಮಕ್ಕಳು ಕೇಳಿದರೆ ಅಪ್ಪ "ಅದು ಇರಲಿ" ಎಂದಷ್ಟೇ ಹೇಳುತ್ತಿದ್ದರಂತೆ. ಅವರ ಅಪ್ಪನೂ ಹಾಗೇ ಹೇಳಿದ್ದರಂತೆ. ಯಾಕೆ ಎನ್ನುವುದು ಯಾರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಅವರಿಬ್ಬರ ಅಮ್ಮ ತೀರಿಕೊಂಡಾಗ ಮಾವ ಇನ್ನೂ ನಡೆಯಲು ಕಲಿಯುತ್ತಿದ್ದರು. ಅತ್ತೆ ತಾನೇ ಎಳಸು ಹುಡುಗಿ, ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ತೋಟದ ಕೆಲಸ ಕಲಿತರು. ಚಳಿಗಾಲದಲ್ಲಿ ಬಳ್ಳಿ ಕತ್ತರಿಸುವುದರಲ್ಲಿ ಅವರದು ಎತ್ತಿದ ಕೈ. ಯಾವ ಕಣ್ಣು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ನಿಂತು ಯೋಚಿಸಿದ್ದೇ ಇಲ್ಲ. ಯೋಚಿಸದೆ ಕತ್ತರಿಸುವುದು ಅವರ ಬಾಯಿಗೂ ಅಭ್ಯಾಸವಾಗಿತ್ತು. ಮಾವ ದಿನಾ ಕೆಲಸ ಬಿಟ್ಟು ನೇರ ನಮ್ಮ ಮನೆಗೇ ಬರುತ್ತಿದ್ದರು. ಕಿಟಕಿಯ ಪಕ್ಕದ ಕುರ್ಚಿ ಅವರದು. ಬೂಟು ಬಿಚ್ಚಲಿಲ್ಲ, ಕೈ ತೊಳೆಯಲಿಲ್ಲ, ಶರ್ಟಿನ ಗುಂಡಿ ಹಾಕಿಲ್ಲ ಎಂದು ಅತ್ತೆ ಶುರುಮಾಡಿದರೆ ಅವರು ತಟ್ಟೆ ಮುಂದಕ್ಕೆ ಸರಿಸಿ, "ಬೈಗುಳ ಆಯ್ತು, ಊಟ ಬರಲಿ" ಎನ್ನುತ್ತಿದ್ದರು. ಅತ್ತೆಯನ್ನು ನಗಿಸಲು ಈ ಭೂಮಿಯ ಮೇಲೆ ಸಾಧ್ಯವಿದ್ದದ್ದು ಅವರೊಬ್ಬರಿಗೇ. ಆ ನಗು ಕೇಳಿದಾಗೆಲ್ಲ ನನಗೆ ಅತ್ತೆಯ ಮೇಲಿನ ಮುನಿಸು ಅರ್ಧ ಇಳಿದುಹೋಗುತ್ತಿತ್ತು.

ವೈನರಿಗೆ ಹೊಸ ಮ್ಯಾನೇಜರ್ ಬಂದರು. ನೆಲಮಾಳಿಗೆಯಲ್ಲಿ ಮರೆತುಹೋಗಿದ್ದ ಹಳೆಯ ಪೀಪಾಯಿಯೊಂದರಿಂದ ಮುಂಗೋಪಿಯ ರುಚಿ ನೋಡಿ, ಇದನ್ನು ಇದರ ಹೆಸರಲ್ಲೇ ಬಾಟಲಿ ಮಾಡೋಣ ಎಂದರು. ಬೇರೆ ಹಣ್ಣು ಬೆರೆಸಬಾರದು, ಅಷ್ಟೇ ಷರತ್ತು. ಅಂದು ಅತ್ತೆ ಮನೆಗೆ ಬಂದು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚದೆ ತುಂಬ ಹೊತ್ತು ನಿಂತೇ ಇದ್ದರು. ಆಮೇಲೆ ನನ್ನನ್ನು ಕರೆದು, ಬಾಟಲಿಯ ಚೀಟಿಯ ಮೇಲೆ ಮುಂಗೋಪಿ ಎಂದು ದೊಡ್ಡದಾಗಿ ಬರೆಯುತ್ತಾರಂತೆ ಎಂದು ಹೇಳಿದರು. ಕಣ್ಣಲ್ಲಿ ನೀರಿತ್ತು. ನಾನು ಆ ಹೆಂಗಸಿನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಬಿಳಚವನ್ನು ಬೇರೆ ಬುಟ್ಟಿಗೆ ಕೊಯ್ದರೆ ಸಾಕಿತ್ತು. ಮ್ಯಾನೇಜರ್ ಕೀಳಿ ಎಂದು ಹೇಳಿರಲೇ ಇಲ್ಲ. ಆದರೆ ನಮ್ಮತ್ತೆಗೆ ಅರೆಬರೆ ಕೆಲಸ ಗೊತ್ತಿಲ್ಲ. ಆ ಚಳಿಗಾಲ ಗುದ್ದಲಿ, ಹಾರೆ ಹಿಡಿದು ಮೇಲಿನ ಇಳಿಜಾರಿನಲ್ಲಿದ್ದ ಬಿಳಚವನ್ನೆಲ್ಲ ಬೇರುಸಮೇತ ಎಬ್ಬಿಸಿದರು. ಮಾವ ಕಾಲುದಾರಿಯಲ್ಲಿ ನಿಂತು, ಅಪ್ಪ ಇರಲಿ ಅಂದಿದ್ದರಲ್ಲ ಅಕ್ಕ ಎಂದರಂತೆ. ಅಪ್ಪ ಏನೇನೋ ಅಂದಿದ್ದರು, ನಿನ್ನ ತೋಟ ನೀನು ನೋಡಿಕೋ ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು. ಮಾವ ತಮ್ಮ ಕಡೆಯ ಬಿಳಚವನ್ನು ಮುಟ್ಟಲಿಲ್ಲ. ಕೇಳಿದರೆ ಸೋಮಾರಿತನ ಎಂದು ನಕ್ಕರು. ಕಿತ್ತ ಮೋಟುಗಳನ್ನು ನಾವು ಆ ಚಳಿಗಾಲವಿಡೀ ಅಡುಗೆಮನೆಯ ಒಲೆಗೆ ಹಾಕಿದೆವು, ಚೆನ್ನಾಗಿಯೇ ಉರಿದವು.

ಮುಂದಿನ ವಸಂತದಲ್ಲಿ ಮುಂಗೋಪಿ ಎಂದಿನಂತೆ ತಡವಾಗಿ ಹೂ ಬಿಟ್ಟಿತು. ದ್ರಾಕ್ಷಿಯ ಹೂ ನೋಡದವರಿಗೆ ಹೇಳುತ್ತೇನೆ, ಅದು ಹೂವೆಂದು ಕಾಣುವುದೇ ಇಲ್ಲ. ಹಸಿರು ಗೊಂಚಲಿನ ಮೇಲೆ ಹಿಟ್ಟು ಉದುರಿಸಿದ ಹಾಗಿರುತ್ತದೆ, ಹತ್ತಿರ ಹೋದರೆ ತೆಳುವಾದ ಸಿಹಿ ವಾಸನೆ. ಕೆಲವು ದಿನಕ್ಕೆ ಅದು ಕಾಯಿ ಕಟ್ಟಬೇಕು. ಕಟ್ಟಲಿಲ್ಲ. ಹೂವೆಲ್ಲ ನೆಲಕ್ಕೆ ಉದುರಿ ಗೊಂಚಲು ಬೋಳು ಕಡ್ಡಿಯಾಗಿ ನಿಂತಿತು. ಅಲ್ಲೊಂದು ಇಲ್ಲೊಂದು ಸಾಸಿವೆ ಕಾಳಿನಷ್ಟು ಹಸಿರು ಮಣಿ, ಅದೂ ಬೆಳೆಯದೆ ಒಣಗಿತು. ಆ ವರ್ಷ ಹೂವಿನ ಹೊತ್ತಿಗೆ ಬಿರುಗಾಳಿ, ಮಳೆ ಇತ್ತು, ಹಾಗಾಗಿ ಗಾಳಿಯ ಮೇಲೆ ಹಾಕಿದೆವು. ಕಾಲುದಾರಿಯ ಪಕ್ಕದ ಸಾಲಿನಲ್ಲಿ ಮಾತ್ರ ಗೊಂಚಲು ತುಂಬಿತ್ತು. ಅದು ಮರೆಯಲ್ಲಿದೆ, ಗಾಳಿ ತಾಗಿಲ್ಲ ಎಂದುಕೊಂಡೆವು.

ಎರಡನೆಯ ವರ್ಷ ಒಂದು ಎಲೆಯೂ ಅಲ್ಲಾಡದಂಥ ಹವೆ. ಆದರೂ ಹೂ ಉದುರಿತು. ಮತ್ತೆ ಆ ಒಂದು ಸಾಲು ಮಾತ್ರ ಮೈತುಂಬ ಹಣ್ಣು. ಅತ್ತೆ ಅಂದು ಸಾಲು ಸಾಲಾಗಿ ನಡೆದು, ಪ್ರತಿ ಬಳ್ಳಿಯ ಎಲೆ ಎತ್ತಿ ನೋಡಿದರು. ನಾನು ಹಿಂದೆಯೇ ಇದ್ದೆ. ಕೆಳಗಿನ ಸಾಲಿಗೆ ಬಂದವರು ಆ ತುಂಬು ಗೊಂಚಲನ್ನು ಅಂಗೈಯಲ್ಲಿಟ್ಟುಕೊಂಡು ಕಾಲುದಾರಿಯ ಆಚೆ ನೋಡುತ್ತ ನಿಂತರು. ಆಮೇಲೆ, ಇದು ಅವನದೇ ಕೆಲಸ ಎಂದರು.

ಅವರ ತರ್ಕ ಹೀಗೆ. ತಮ್ಮನಾದವನು ಹೂವಿನ ಹೊತ್ತಿಗೆ ಬೆನ್ನಿಗೆ ಸ್ಪ್ರೇ ಡಬ್ಬಿ ಕಟ್ಟಿಕೊಂಡು ಬೆಳಗ್ಗೆ ಬೆಳಗ್ಗೆ ಕಾಲುದಾರಿಯಲ್ಲಿ ಓಡಾಡಿದ್ದನ್ನು ನಾಲ್ಕು ಜನ ನೋಡಿದ್ದಾರೆ. ಬೂದಿರೋಗಕ್ಕೆ ಗಂಧಕ ಹೊಡೆಯುತ್ತಿದ್ದೆ ಎನ್ನುತ್ತಾನೆ. ಗಂಧಕವೋ, ಕಳೆ ಸುಡುವ ವಿಷವೋ ಯಾರು ಕಂಡರು? ಮೇಲಿನ ಸಾಲುಗಳೆಲ್ಲ ಬೋಳಾಗಿವೆ, ತನ್ನ ಬಳ್ಳಿಗೆ ತಾಗಿದ ಸಾಲಿನಲ್ಲಿ ಮಾತ್ರ ಹಣ್ಣಿದೆ. ಯಾಕೆ? ಅಲ್ಲಿ ಹೊಡೆದರೆ ತನ್ನದಕ್ಕೇ ಹಾರುತ್ತದೆ, ಅದಕ್ಕೆ ಬಿಟ್ಟಿದ್ದಾನೆ. ಬಾಟಲಿಗೆ ಅಕ್ಕನ ಹಣ್ಣು ಬೇಕು, ಬಿಳಚ ಬೆರೆತ ತನ್ನದು ಬೇಡ ಎಂದು ವೈನರಿಯವರು ಅಂದಾಗಿನಿಂದ ಅವನಿಗೆ ಹೊಟ್ಟೆಕಿಚ್ಚು. ಕಣ್ಣಾರೆ ನೋಡಿದಿರಾ ಅತ್ತೆ ಎಂದು ಕೇಳಿದೆ. ನೋಡಬೇಕಾಗಿಲ್ಲ ಎಂದರು. ನನ್ನ ಗಂಡ ಸಮಾಧಾನ ಹೇಳಲು ಹೋಗಿ ಬೈಸಿಕೊಂಡು ಬಂದರು. ಕೇಳಲು ಅದು ಎಷ್ಟು ಸರಿಯಾಗಿ ಹೊಂದುತ್ತಿತ್ತು ನೋಡಿ. ಬಳ್ಳಿಗಳೇ ಸಾಕ್ಷಿ ಹೇಳುವ ಹಾಗಿತ್ತು.

ಮಾವ ಆ ದಿನಗಳಲ್ಲೂ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಿದ್ದರು. ಅತ್ತೆ ಬೈಯುವುದನ್ನು ನಿಲ್ಲಿಸಿದ್ದರು. ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದರು. ಅಕ್ಕನಿಗೆ ಮೈ ಹುಷಾರಿಲ್ಲವಾ ಎಂದು ಮಾವ ನನ್ನನ್ನು ಕೇಳಿದರು. ಬೆಳೆ ಹೋದ ಚಿಂತೆ ಎಂದೆ.

ಕೊಯ್ಲಿನ ದಿನ ವೈನರಿಯ ತೂಕದ ಅಂಗಳದಲ್ಲಿ ಊರೇ ನೆರೆದಿತ್ತು. ಟ್ರಾಕ್ಟರುಗಳ ಸಾಲು, ಕಣಜಗಳ ಗುಂಯ್, ನೆಲದ ಮೇಲೆಲ್ಲ ರಸ. ನಾವು ಆ ಒಂದು ಸಾಲಿನ ಹಣ್ಣನ್ನು ಬುಟ್ಟಿಗಳಲ್ಲಿ ತಂದು ತಕ್ಕಡಿಯ ಮೇಲಿಟ್ಟೆವು. ಗಾಣದ ಮನೆಯ ಕಿಟಕಿಯಿಂದ ಮಾವ ತಲೆ ಹೊರಗೆ ಹಾಕಿದರು. "ಏನಕ್ಕಾ, ಇಷ್ಟೇನಾ? ಮಿಕ್ಕಿದ್ದೆಲ್ಲ ಹಕ್ಕಿಗಳಿಗೆ ದಾನ ಮಾಡಿದ್ಯಾ?" ಎಂದರು. ಎಂದಿನ ತಮಾಷೆ. ಅಂಗಳದಲ್ಲಿ ಒಬ್ಬಿಬ್ಬರು ನಕ್ಕರು.

ಅತ್ತೆ ಕಿರುಚಲಿಲ್ಲ. ಕಿರುಚಿದ್ದರೆ ಜನ ಇವಳ ಬಾಯಿಯೇ ಹೀಗೆ ಎಂದು ಬಿಟ್ಟುಬಿಡುತ್ತಿದ್ದರು. ತಕ್ಕಡಿಯ ಪಕ್ಕ ನಿಂತು, ಎಲ್ಲರಿಗೂ ಕೇಳುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ನನ್ನ ಬಳ್ಳಿಗೆ ವಿಷ ಹಾಕಿದವನು ಅಲ್ಲಿದ್ದಾನೆ ನೋಡಿ. ನಾನು ಎತ್ತಿ ಆಡಿಸಿದ ತಮ್ಮ. ಅವನ ತೋಟಕ್ಕೆ ತಾಗಿದ ಸಾಲು ಬಿಟ್ಟು ಒಂದು ಬಳ್ಳೀನೂ ಉಳಿಸಿಲ್ಲ." ಮಾವ ಇದೂ ಬೈಗುಳದ ಹೊಸ ಬಗೆ ಎಂದುಕೊಂಡು ನಕ್ಕರು. ಆ ನಗು ಅವರಿಗೆ ಮುಳುವಾಯಿತು. ನೋಡಿ, ಹಲ್ಲು ಕಿಸಿಯುತ್ತಾನೆ ಎಂದು ಯಾರೋ ಹಿಂದಿನಿಂದ ಹೇಳಿದ್ದು ನನ್ನ ಕಿವಿಗೇ ಬಿತ್ತು.

ಆಮೇಲೆ ಜನರ ಬಾಯಿಗೆ ಬೀಗ ಹಾಕುವವರು ಯಾರು? ಒಬ್ಬನ ನಾಯಿ ಹಿಂದಿನ ವರ್ಷ ಸತ್ತದ್ದು ನೆನಪಾಯಿತು. ಇನ್ನೊಬ್ಬನ ಬಾವಿಯ ನೀರು ಕಹಿಯಾಗಿದ್ದು ಯಾಕೆಂದು ಈಗ ತಿಳಿಯಿತು. ಮೂರನೆಯವನ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸಿತ್ತಂತೆ, ಆ ಕೋಳಿಗೆ ಎಷ್ಟು ವಯಸ್ಸು ಎಂದು ಕೇಳಿದ್ದಕ್ಕೆ ಅವನು ನನ್ನ ಜೊತೆ ಮಾತು ಬಿಟ್ಟ. ಮ್ಯಾನೇಜರ್ ಮಾವನನ್ನು ಕರೆದು, ಗಲಾಟೆ ತಣ್ಣಗಾಗುವವರೆಗೆ ಮನೆಯಲ್ಲಿರಿ ಎಂದರು. ವಿಷದ ಮಾತು ವೈನರಿಯ ಅಂಗಳದಲ್ಲಿ ಕೇಳಿಬಂದ ಮೇಲೆ ತಾವು ಸುಮ್ಮನಿರುವಂತಿಲ್ಲ ಎಂದೂ ಹೇಳಿದರು. ಮಾವನ ತೋಟದ ಹಣ್ಣನ್ನು ತಕ್ಕಡಿಗೇ ಏರಿಸಲಿಲ್ಲ. ತಣ್ಣಗಾಗುವವರೆಗೆ ಎಂದದ್ದು ಕೊನೆಗೆ ಯಾವಾಗಲೂ ಎಂದಾಯಿತು, ಗಾಣಕ್ಕೆ ಬೇರೊಬ್ಬ ಬಂದ.

ಮಾವ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ನನ್ನ ಗಂಡ ಹೋಗಿ ಕರೆದರು, ಬರಲಿಲ್ಲ. ಅಕ್ಕ ಕರೆದರೆ ಬರುತ್ತೇನೆ ಎಂದರು. ಆ ಮಾತನ್ನು ತಂದು ಹೇಳಿದರೆ ಅತ್ತೆ, ವಿಷ ಹಾಕಿದೆ ಎಂದು ಬಾಯಿಬಿಟ್ಟು ಹೇಳಿದ ದಿನ ಕರೆಯುತ್ತೇನೆ ಎಂದರು. ಇಬ್ಬರ ನಡುವೆ ಓಡಾಡಿ ನನ್ನ ಗಂಡ ಸೋತು ಸುಣ್ಣವಾದರು. ಒಂದು ದಿನ ಸಂತೆಗೆ ಹೊರಟಾಗ ಮಾವ ಎದುರು ಬಂದರು. ಅತ್ತೆ ರಸ್ತೆಯ ಆಚೆ ಬದಿಗೆ ದಾಟಿಕೊಂಡರು. ಮಾವನ ಶರ್ಟಿನ ಗುಂಡಿ ತಪ್ಪಾಗಿ ಹಾಕಿತ್ತು, ಅದನ್ನು ಅತ್ತೆ ನೋಡಿದ್ದನ್ನು ನಾನು ನೋಡಿದೆ.

ಆ ಚಳಿಗಾಲ ಮಾವ ತಮ್ಮ ಇಳಿಜಾರಿನ ಬಳ್ಳಿಗಳನ್ನೆಲ್ಲ ಕಿತ್ತರು. ಮುಂಗೋಪಿ, ಬಿಳಚ ಎಂದು ನೋಡದೆ ಎಲ್ಲವನ್ನೂ. ನನ್ನ ಗಂಡ ತಡೆಯಲು ಓಡಿದರು. ಯಾರೂ ಮುಟ್ಟದ ಹಣ್ಣು ಇಟ್ಟುಕೊಂಡು ಏನು ಮಾಡಲಿ, ಇನ್ನು ಅಕ್ಕನ ಬಳ್ಳಿಗೆ ಏನಾದರೂ ಆದರೆ ನಾನು ಅಲ್ಲಿ ಕಾಲಿಟ್ಟೆ ಎನ್ನಲು ಯಾರಿಗೂ ನೆಪ ಇರಬಾರದು ಎಂದರಂತೆ. ಕಿತ್ತದ್ದನ್ನು ಅಲ್ಲೇ ರಾಶಿ ಹಾಕಿ ಸುಟ್ಟರು. ಹೊಗೆ ನಮ್ಮ ಅಡುಗೆಮನೆಗೆ ನುಗ್ಗಿತು, ಅತ್ತೆ ಎದ್ದು ಕಿಟಕಿ ಹಾಕಿಕೊಂಡರು.

ಮೂರನೆಯ ವಸಂತ ಬಂತು. ಈ ಸಲ ಕಾಲುದಾರಿಯ ಸಾಲಿನ ಹೂವೂ ಉದುರಿತು.

ಕೆಳಗೆ ಬೋಳು ನೆಲ, ಅಲ್ಲಿ ಒಂದು ನರಪಿಳ್ಳೆಯೂ ಕಾಲಿಟ್ಟಿರಲಿಲ್ಲ. ಅತ್ತೆ ಮೊದಲು, ನೆಲದಲ್ಲಿ ಉಳಿದ ವಿಷ ಈಗ ಏರಿ ಬಂದಿದೆ ಎಂದರು. ಹೇಳಿದರು, ಆದರೆ ದನಿಯಲ್ಲಿ ಎಂದಿನ ಗಟ್ಟಿ ಇರಲಿಲ್ಲ. ದಿನಾ ಹೋಗಿ ಆ ಸಾಲಿನಲ್ಲಿ ನಿಲ್ಲುತ್ತಿದ್ದರು. ರಾತ್ರಿ ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಇರುತ್ತಿತ್ತು.

ಹೂವು ಇನ್ನೂ ಪೂರ್ತಿ ಮುಗಿಯದ ಹೊತ್ತಿನಲ್ಲೇ ಸಸಿ ವ್ಯಾಪಾರಿಯೊಬ್ಬ ಬಂದ. ಹಳೆಯ ತಳಿಗಳ ಕಡ್ಡಿ ಕೂಡಿಸುವ ಹುಚ್ಚು ಅವನಿಗೆ, ಮುಂಗೋಪಿಯ ಹೆಸರು ಕೇಳಿ ಹುಡುಕಿಕೊಂಡು ಬಂದಿದ್ದ. ಒಂದು ಹೂಗೊಂಚಲು ಮುರಿದು, ಜೇಬಿನಿಂದ ಭೂತಗನ್ನಡಿ ತೆಗೆದು ಸ್ವಲ್ಪ ಹೊತ್ತು ನೋಡಿದ. ನಮಗೂ ತೋರಿಸಿದ. ಹೂವಿನ ನಡುವೆ ಕಾಯಾಗುವ ಗುಬುಟು ಸರಿಯಾಗಿತ್ತು. ಸುತ್ತ ನೆಟ್ಟಗೆ ನಿಲ್ಲಬೇಕಾಗಿದ್ದ ಸಣ್ಣ ಕೇಸರಗಳೆಲ್ಲ ಹಿಂದಕ್ಕೆ ಬಾಗಿ ಮುದುಡಿದ್ದವು. "ಇದು ಬರೀ ಹೆಣ್ಣು ಹೂವು ಅಮ್ಮಾ. ಇದರ ಪುಡಿಯಲ್ಲಿ ಜೀವ ಇಲ್ಲ. ಇದೇ ಹೊತ್ತಿಗೆ ಹೂ ಬಿಡೋ ಬೇರೆ ಬಳ್ಳಿ ಮಗ್ಗುಲಲ್ಲಿ ಇದ್ರೇನೇ ಕಾಯಿ ಕಟ್ಟೋದು. ಜೊತೆಗೆ ಒಂದು ಹಾಕಿರಬೇಕಲ್ಲ ನಿಮ್ಮ ಹಿರಿಯರು, ಅದನ್ನ ಯಾರು ಕಿತ್ತರು?"

"ನಾನು" ಎಂದರು ಅತ್ತೆ.

ಅವನಿಗೇನು ಗೊತ್ತು ಪಾಪ. ತಡವಾಗಿ ಹೂ ಬಿಡುವ ಬೇರೆ ಯಾವ ತಳಿಯಾದರೂ ನಡೆಯುತ್ತದೆ, ಸಸಿ ನಾನೇ ಕಳಿಸುತ್ತೇನೆ, ಕೆಲವು ವರ್ಷ ಕಾಯಬೇಕಷ್ಟೇ ಎಂದು ಖುಷಿಯಾಗಿ ವಿವರಿಸುತ್ತಲೇ ಇದ್ದ. ಅತ್ತೆ ಸಾಲಿನ ನಡುವೆ ಮಣ್ಣಲ್ಲೇ ಕೂತುಬಿಟ್ಟಿದ್ದರು. ಎರಡು ವರ್ಷ ಆ ಕೊನೆಯ ಸಾಲು ಫಲ ಕೊಟ್ಟಿದ್ದು ಆಚೆಯ ಬಿಳಚದಿಂದ, ಮಾವ ಸೋಮಾರಿತನ ಎಂದು ನಕ್ಕು ಉಳಿಸಿಕೊಂಡಿದ್ದ ಬಿಳಚದಿಂದ. ನನಗೆ ಅಷ್ಟು ಹೊತ್ತಿಗೆ ಎಲ್ಲ ಹೊಳೆದಿತ್ತು. ಅತ್ತೆಯ ಮೇಲೆ ಕೆಂಡದಂಥ ಕೋಪ ಬಂತು, ಜೊತೆಗೇ ಅವರನ್ನು ಎಬ್ಬಿಸಿ ಬಟ್ಟೆಯ ಮಣ್ಣು ಕೊಡವಬೇಕೆಂದೂ ಅನಿಸಿತು. ಎಬ್ಬಿಸುವ ಮೊದಲೇ ಎದ್ದು ಇಳಿಜಾರು ಇಳಿಯತೊಡಗಿದರು. ನಾನು ಹಿಂದೆ ಓಡಿದೆ.

ಮಾವ ಅಡುಗೆಮನೆಯ ಮೇಜಿನ ಮುಂದೆ ಕೂತು ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಿದ್ದರು. ತುಂಬ ಇಳಿದುಹೋಗಿದ್ದರು, ಕೆಮ್ಮು ಬೇರೆ. ಅತ್ತೆ ಹೊಸ್ತಿಲ ಮೇಲೆ ನಿಂತೇ ಹೇಳಿದರು, ಹೂವಿನ ವಿಷಯ, ಬಿಳಚದ ವಿಷಯ, ಸಸಿ ವ್ಯಾಪಾರಿ ಹೇಳಿದ್ದು. ಮಾವ ಚಾಕು ಕೆಳಗಿಡದೆ ಕೇಳಿದರು. ಮುಗಿದ ಮೇಲೆ, ಅಪ್ಪ ಇದನ್ನು ಬಾಯಿಬಿಟ್ಟು ಹೇಳಬಾರದಿತ್ತಾ ಎಂದರು. ಅವರಿಗೂ ಗೊತ್ತಿರಲಿಲ್ಲವೇನೋ ಎಂದೂ ತಾವೇ ಹೇಳಿಕೊಂಡರು.

"ನಿಂದೇನೂ ತಪ್ಪಿಲ್ಲ. ನಾನೇ ನಿನ್ನ ಬಾಳು ಹಾಳು ಮಾಡಿದೆ" ಎಂದರು ಅತ್ತೆ.

"ನಂದು ತಪ್ಪಿಲ್ಲ ಅಂತ ನನಗೆ ಮೊದಲೇ ಗೊತ್ತಲ್ಲ ಅಕ್ಕ. ನನಗ್ಯಾಕೆ ಹೇಳ್ತೀಯ? ಅವರಿಗೆ ಹೇಳು."

ಹೇಳಲು ಹೊರಟರು ಅತ್ತೆ. ಹುಟ್ಟಿದಾಗಿನಿಂದ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಗೊತ್ತಿಲ್ಲದ ಹೆಂಗಸು, ಊರ ಬಾಗಿಲು ಬಾಗಿಲು ತಟ್ಟಿದರು. ಕೋಳಿಯವನ ಮನೆಗೂ ಹೋದರು. ನಾನು ತಪ್ಪು ಹೇಳಿದೆ, ನನ್ನ ತಮ್ಮ ವಿಷ ಹಾಕಲಿಲ್ಲ, ನಾನೇ ಬಳ್ಳಿಯ ಜೋಡಿ ಬಿಳಚವನ್ನು ಕಿತ್ತೆ ಎಂದು ಒಂದೇ ಸಮ ಹೇಳಿದರು. ಜನ ಕೂರಿಸಿದರು, ನೀರು ಕೊಟ್ಟರು, ಹೂಂಗುಟ್ಟಿದರು. ಆಚೆ ಹೋದ ಮೇಲೆ, ಎಷ್ಟಾದರೂ ಸಾಕಿದ ಕರುಳು, ತಮ್ಮ ಸೊರಗಿದ್ದು ನೋಡಲಾರದೆ ಸುಳ್ಳು ಹೇಳುತ್ತಿದ್ದಾಳೆ ಎಂದರು. ಎದುರಿಗೇ ಹೇಳಿದವರೂ ಇದ್ದರು. ಹೂವಿನಲ್ಲಿ ಗಂಡು ಹೆಣ್ಣು ಎಂಬ ಕಥೆ ಕೇಳಿ ಒಬ್ಬ ಬಾಯಿ ಮುಚ್ಚಿಕೊಂಡು ನಕ್ಕ. ಆ ವಯಸ್ಸಿನಲ್ಲಿ ಎಷ್ಟು ಕಷ್ಟಪಟ್ಟು ಕಟ್ಟಿದ ಕಥೆಯೋ ಎಂದು ಅವನ ಹೆಂಡತಿ ಮರುಗಿದಳು.

ಸಸಿ ವ್ಯಾಪಾರಿಯನ್ನೇ ಕರೆತಂದು ಮ್ಯಾನೇಜರ್ ಮುಂದೆ ನಿಲ್ಲಿಸಿದೆವು. ಅವನು ಹೇಳಿದ್ದನ್ನೆಲ್ಲ ಅವರು ಗಮನವಿಟ್ಟು ಕೇಳಿದರು, ತಲೆದೂಗಿದರು. ಹೂವಿನ ವಿಷಯ ನಿಜವೇ ಇರಬಹುದು, ಹಾಗೆಂದ ಮಾತ್ರಕ್ಕೆ ವಿಷ ಹಾಕಿಲ್ಲ ಎಂದಾಗುವುದಿಲ್ಲವಲ್ಲ, ಅದೂ ಇರಬಹುದು ಇದೂ ಇರಬಹುದು ಎಂದರು. ಗಾಣಕ್ಕೆ ಬಂದ ಹೊಸಬ ಚೆನ್ನಾಗಿ ಕೆಲಸ ಮಾಡುತ್ತಿದ್ದಾನೆ, ಅವನನ್ನು ಯಾವ ಬಾಯಿಂದ ತೆಗೆಯಲಿ ಎಂದರು. ಕೊನೆಗೆ ಅತ್ತೆಯ ಕೈ ಹಿಡಿದು, ರಕ್ತಸಂಬಂಧ, ನನಗೂ ಅರ್ಥವಾಗುತ್ತದೆ ಎಂದರು. ಅರ್ಥವಾಗಿದ್ದರೆ ಕೆಲಸ ಕೊಡಿ ಎಂದು ನಾನು ಹೇಳಿಯೇಬಿಟ್ಟೆ. ನನ್ನ ಗಂಡ ನನ್ನ ಸೆರಗು ಎಳೆದರು, ಅವರ ಅನ್ನವೂ ಅಲ್ಲೇ ಇತ್ತು.

ಕೊಯ್ಲು ಬಂತು. ಅತ್ತೆಯ ಕೈಯಲ್ಲಿ ಆ ವರ್ಷ ಒಂದು ಗೊಂಚಲೂ ಇರಲಿಲ್ಲ. ಬರಿಗೈಯಲ್ಲಿ ತೂಕದ ಅಂಗಳಕ್ಕೆ ಹೋಗಿ, ಹಿಂದೆ ನಿಂತಿದ್ದ ಜಾಗದಲ್ಲೇ ನಿಂತು, ಅವತ್ತಿನಷ್ಟೇ ಸ್ಪಷ್ಟವಾಗಿ ಎಲ್ಲ ಹೇಳಿದರು. ಟ್ರಾಕ್ಟರಿನವರು ತಲೆ ತಗ್ಗಿಸಿ ಕೇಳಿದರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಆಗ ಅತ್ತೆಗೆ ಸಹನೆ ಕೆಟ್ಟಿತು. ನಾಯಿ ಸತ್ತವನ ಅಂಗಿ ಹಿಡಿದು ಜಗ್ಗಿ, ನಂಬಿದೆ ಅಂತ ಹೇಳು ಎಂದು ಕೂಗಿದರು. ಅವನು, ನಂಬಿದೆ ಅಮ್ಮಾ, ನಂಬಿದೆ ಎಂದು ಮೆಲ್ಲಗೆ ಬಿಡಿಸಿಕೊಂಡ. ಪಕ್ಕದವನ ಕಡೆ ತಿರುಗಿ ಹಣೆಯ ಹತ್ತಿರ ಬೆರಳು ತಿರುಗಿಸಿದ್ದನ್ನು ನಾವೆಲ್ಲರೂ ನೋಡಿದೆವು.

ಆ ಸಂಜೆ ಅತ್ತೆ ಮಾವನನ್ನು ಕೈಹಿಡಿದು ನಮ್ಮ ಮನೆಗೆ ಕರೆತಂದರು. ಮಾವ ಬಂದರು, ಆ ಕುರ್ಚಿಯಲ್ಲೇ ಕೂತರು. ಅತ್ತೆ ಅಂಗಳದಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಮಾವ ಎರಡು ತುತ್ತು ತಿಂದು ತಟ್ಟೆ ಸರಿಸಿದರು. "ಬಿಡಕ್ಕಾ. ನೀನು ತಪ್ಪು ಹೇಳಿದಾಗ ಎಷ್ಟು ಚೆನ್ನಾಗಿ ನಂಬಿದ್ದರು, ಅಲ್ವಾ" ಎಂದರು. ತಮಾಷೆಗೇ ಹೇಳಿರಬೇಕು. ಅತ್ತೆ ನಗಲಿಲ್ಲ, ಮಾವನೂ ನಗಲಿಲ್ಲ.

ಸಸಿ ವ್ಯಾಪಾರಿ ಮಾತು ಕೊಟ್ಟಂತೆ ಸಸಿ ಕಳಿಸಿದ. ನನ್ನ ಗಂಡ ಅವನ್ನು ಮುಂಗೋಪಿಯ ಸಾಲುಗಳ ನಡುವೆ ನೆಟ್ಟರು. ಅತ್ತೆ ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚೀಟಿಯ ಮೇಲೆ ಹೆಸರು ಬರುವ ಮಾತನ್ನು ಯಾರೂ ಎತ್ತಲಿಲ್ಲ. ದಿನಾ ಎದ್ದು ಮಾವನ ಮನೆಗೆ ಹೋಗಿ ಕಷಾಯ ಕಾಯಿಸಿ ಕುಡಿಸುವುದು, ಸಂಜೆ ಯಾರಾದರೂ ಸಿಕ್ಕರೆ ಅದೇ ಮಾತು ಮತ್ತೆ ಹೇಳುವುದು, ಇಷ್ಟೇ ಅತ್ತೆಯ ಕೆಲಸವಾಯಿತು. ಅವರನ್ನು ಕಂಡರೆ ಜನ ದಾರಿ ಬದಲಿಸತೊಡಗಿದರು.

ಚಳಿ ಜೋರಾದಾಗ ಮಾವನ ಎದೆಗೆ ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದೆವು, ಔಷಧಿ ನಾಟಲಿಲ್ಲ. ಕೊನೆಯ ದಿನ ಅತ್ತೆ ಅವರ ಅಂಗಿಯ ಗುಂಡಿಗಳನ್ನು ಸರಿಮಾಡುತ್ತಲೇ ಕೂತಿದ್ದರು. ಬಯ್ಯಕ್ಕಾ, ಸುಮ್ಮನೆ ಕೂತರೆ ಹೆದರಿಕೆ ಆಗುತ್ತೆ ಎಂದು ಮಾವ ಒಮ್ಮೆ ಹೇಳಿದರು. ಅತ್ತೆಯ ಬಾಯಿಂದ ಒಂದು ಬೈಗುಳವೂ ಹೊರಡಲಿಲ್ಲ.

ಮಣ್ಣು ಮಾಡುವ ದಿನ ಯಾರೂ ಬರುವುದಿಲ್ಲ ಎಂದುಕೊಂಡಿದ್ದೆವು. ಊರಿಗೆ ಊರೇ ಬಂತು. ಮ್ಯಾನೇಜರ್ ಬಂದರು, ಗಾಣದ ಹೊಸಬ ಬಂದ, ಕೋಳಿಯವನೂ ನಾಯಿಯವನೂ ಒಗೆದ ಬಟ್ಟೆ ಹಾಕಿಕೊಂಡು ಬಂದರು. ನನಗೆ ಒಂದು ಕ್ಷಣ ಸಮಾಧಾನವೆನಿಸಿತು; ಕೊನೆಗಾದರೂ ತಿಳಿಯಿತಲ್ಲ ಎಂದುಕೊಂಡೆ. ಮಣ್ಣು ಮುಚ್ಚಿದ ಮೇಲೆ ಅವರೆಲ್ಲ ಸಾಲಾಗಿ ಅತ್ತೆಯ ಹತ್ತಿರ ಬಂದರು. ಮೊದಲು ಬಂದವಳು ಊರಿನಲ್ಲಿ ಎಲ್ಲರಿಗಿಂತ ಹಿರಿಯಳು, ಅತ್ತೆಯ ಜೊತೆ ಬಳ್ಳಿ ಕತ್ತರಿಸಿ ಬೆಳೆದವಳು. ಅತ್ತೆಯ ಎರಡೂ ಕೈ ಹಿಡಿದುಕೊಂಡಳು, ಅವಳ ಕಣ್ಣಲ್ಲಿ ನಿಜವಾದ ನೀರಿತ್ತು.

"ಅವನು ಅಷ್ಟೆಲ್ಲ ಮಾಡಿದರೂ ಅವನು ಮಾಡಿಲ್ಲ ಅಂತಾನೇ ನೀನು ಸಾಧಿಸಿದೆ. ಕೊನೇವರೆಗೂ ಅವನ ಮರ್ಯಾದೆ ಕಾಪಾಡಿದೆ. ನಿನ್ನಂಥ ಅಕ್ಕ ಯಾರಿಗೂ ಸಿಗಲ್ಲ ಕಣೇ."

ಅತ್ತೆ ಬಾಯಿ ತೆರೆದರು. ಆ ಮುದುಕಿ ಅವರನ್ನು ತಬ್ಬಿಕೊಂಡು ಬೆನ್ನು ಸವರುತ್ತ, ಏನೂ ಹೇಳಬೇಡ, ನಮಗೆಲ್ಲ ಗೊತ್ತು ಎಂದಳು. ಹಿಂದೆ ನಿಂತವರು ಹೌದೆಂದು ತಲೆಯಾಡಿಸಿ, ತಮ್ಮ ಸರದಿಗೆ ಒಂದು ಹೆಜ್ಜೆ ಮುಂದೆ ಬಂದರು.